ವೇಗ ಏರುವ ಲೆಕ್ಕ, ಬ್ರೇಕ್ ಹಾಕುವ ಲೆಕ್ಕ: ಸೂತ್ರಕ್ಕೆ ಮೊದಲು ಚಿತ್ರ

ಚಲನೆಯ ಲೆಕ್ಕ ಹಿಡಿದುಕೊಂಡು ಬರುವ ಮಕ್ಕಳು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮೇಡಂ, ಇದಕ್ಕೆ ಯಾವ ಸೂತ್ರ ಹಾಕೋದು?" ನಾನು ಸೂತ್ರ ಹೇಳುವುದಿಲ್ಲ. "ಚಿತ್ರ ಎಲ್ಲಿ?" ಅಂತ ಕೇಳುತ್ತೇನೆ. ಮುಖ ಸಪ್ಪೆಯಾಗುತ್ತದೆ, ಗೊಣಗುತ್ತಲೇ ಪೆನ್ಸಿಲ್ ತೆಗೆಯುತ್ತಾರೆ. ಆದರೆ ಚಿತ್ರ ಬಿದ್ದ ಮೇಲೆ ಸೂತ್ರದ ಪ್ರಶ್ನೆ ಬಹಳ ಸಲ ತಾನಾಗಿಯೇ ಬಿದ್ದುಹೋಗುತ್ತದೆ.

ಈ ಪಾಠದಲ್ಲಿ ಸೂತ್ರ ಇರುವುದೇ ಮೂರು ನಾಲ್ಕು. ಎಲ್ಲರಿಗೂ ಬಾಯಿಪಾಠ ಇರುತ್ತದೆ. ಅಂಕ ಹೋಗುವುದು ಬೇರೆ ಕಡೆ. ಪ್ಲಸ್ ಮೈನಸ್‌ನಲ್ಲಿ ಹೋಗುತ್ತದೆ, ಏಕಮಾನದಲ್ಲಿ ಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಹೋಗುವುದು, ಒಂದು ಚಲನೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ನೋಡದೆ ಎಲ್ಲ ಸಂಖ್ಯೆಯನ್ನೂ ಒಂದೇ ಸೂತ್ರಕ್ಕೆ ತುರುಕುವುದರಲ್ಲಿ.

ಅಕ್ಷರಗಳನ್ನು ಮೊದಲು ಹೇಳಿಬಿಡುತ್ತೇನೆ. ಶುರುವಿನ ವೇಗ ಯು, ಕೊನೆಯ ವೇಗ ವಿ, ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು) ಎ, ಹಿಡಿದ ಸಮಯ ಟಿ, ಸ್ಥಾನಪಲ್ಲಟ (ಹೊರಟ ಜಾಗದಿಂದ ಕೊನೆಗೆ ಯಾವ ಕಡೆ ಎಷ್ಟು ದೂರದಲ್ಲಿದೆ ಅನ್ನುವುದು) ಎಸ್. ಸಮೀಕರಣಗಳು ಇವು:

ವಿ = ಯು + ಎ × ಟಿ
ಎಸ್ = ಯು × ಟಿ + ½ × ಎ × ಟಿ²
ವಿ² = ಯು² + 2 × ಎ × ಎಸ್
ಎಸ್ = ½ × (ಯು + ವಿ) × ಟಿ

ನಾಲ್ಕನೆಯದನ್ನು ಎಷ್ಟೋ ನೋಟ್ಸ್‌ಗಳಲ್ಲಿ ಬಿಟ್ಟೇಬಿಡುತ್ತಾರೆ. ನನಗೆ ಅದೇ ಅಚ್ಚುಮೆಚ್ಚು. ಸರಾಸರಿ ವೇಗವನ್ನು ಸಮಯದಿಂದ ಗುಣಿಸಿದರೆ ದೂರ ಬರುತ್ತದೆ, ಅಷ್ಟೇ ಅದರ ಅರ್ಥ. ವೇಗ ಒಂದೇ ಸಮನಾಗಿ ಏರುತ್ತಿದ್ದರೆ ಶುರು ಮತ್ತು ಕೊನೆಯ ವೇಗ ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಸಿಗುತ್ತದೆ. ನೆನಪಿಡುವುದಕ್ಕೆ ಅದರಲ್ಲಿ ಏನೂ ಇಲ್ಲ.

ಸೂತ್ರ ಯಾವಾಗ ಸುಳ್ಳು ಹೇಳುತ್ತದೆ

ನಾಲ್ಕಕ್ಕೂ ಒಂದು ಷರತ್ತು ಇದೆ. ಆ ಅವಧಿಯುದ್ದಕ್ಕೂ ಎ ಬದಲಾಗಬಾರದು. ಇದನ್ನು ಎಲ್ಲರೂ ಓದಿರುತ್ತಾರೆ, ಲೆಕ್ಕ ಬಿಡಿಸುವಾಗ ಮರೆಯುತ್ತಾರೆ. ಮರೆತರೆ ಏನಾಗುತ್ತದೆ ಅಂತ ತೋರಿಸಲು ನಾನು ಉಸೇನ್ ಬೋಲ್ಟ್‌ನ ಓಟವನ್ನೇ ಕೊಡುತ್ತೇನೆ.

2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ನಿಂತಲ್ಲಿಂದ ಹೊರಟಿದ್ದಾನೆ, ಯು = 0. ಎರಡನೇ ಸೂತ್ರ ಹಾಕಿ ನೋಡಿ. 100 = ½ × ಎ × 9.58². ಎ ಸುಮಾರು 2.18 ಮೀ/ಸೆ² ಬಂತು. ಹಾಗಾದರೆ ಗೆರೆ ಮುಟ್ಟುವಾಗ ಅವನ ವೇಗ 2.18 × 9.58, ಅಂದರೆ ಸುಮಾರು 20.9 ಮೀ/ಸೆ. ಗಂಟೆಗೆ 75 ಕಿಲೋಮೀಟರ್! ನಿಜವಾಗಿ ಅವನ ಅತಿ ಹೆಚ್ಚಿನ ವೇಗ ಗಂಟೆಗೆ 44 ಕಿಲೋಮೀಟರ್ ಆಸುಪಾಸು. ಸೂತ್ರ ಸರಿ ಇದೆ, ಗುಣಾಕಾರವೂ ಸರಿ ಇದೆ. ಎ ಬದಲಾಗಬಾರದು ಅನ್ನುವ ಷರತ್ತು ಮಾತ್ರ ಇಲ್ಲಿ ಇಲ್ಲ. ಓಟಗಾರ ಶುರುವಿನಲ್ಲಿ ಜೋರಾಗಿ ವೇಗ ಏರಿಸಿಕೊಳ್ಳುತ್ತಾನೆ, ಆಮೇಲೆ ಏರಿಕೆ ಕಡಿಮೆಯಾಗುತ್ತದೆ, ಕೊನೆಗೆ ಸ್ವಲ್ಪ ಇಳಿಯುತ್ತದೆ ಕೂಡ.

ಹಾಗಾಗಿ ಲೆಕ್ಕ ಓದುವಾಗ ನನ್ನ ಮೊದಲ ಕೆಲಸ, ಎ ಎಲ್ಲೆಲ್ಲಿ ಬದಲಾಗುತ್ತದೆ ಅಂತ ಗುರುತು ಹಾಕುವುದು. "ಆಮೇಲೆ", "ನಂತರ ಅದೇ ವೇಗದಲ್ಲಿ", "ಬ್ರೇಕ್ ಹಾಕಿದಾಗ" ಅನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಗೆರೆ ಬಿದ್ದ ಕಡೆ ಲೆಕ್ಕ ತುಂಡಾಗುತ್ತದೆ. ಪ್ರತಿ ತುಂಡಿಗೂ ಅದರದೇ ಯು, ವಿ, ಎ, ಟಿ, ಎಸ್. ಒಂದು ತುಂಡಿನ ವಿ ಮುಂದಿನ ತುಂಡಿನ ಯು ಆಗುತ್ತದೆ. ತುಂಡುಗಳ ನಡುವೆ ಇರುವ ಕೊಂಡಿ ಅದೊಂದೇ.

ಗೆರೆ ಎಳೆಯುವಾಗಲೇ ಏಕಮಾನವನ್ನೂ ಸರಿಮಾಡಿಕೊಳ್ಳಿ. ಗಂಟೆಗೆ 18 ಕಿ.ಮೀ. ಅಂದರೆ 5 ಮೀ/ಸೆ. ಇದೊಂದು ನೆನಪಿದ್ದರೆ 36 ಅಂದರೆ 10, 54 ಅಂದರೆ 15, 72 ಅಂದರೆ 20, 90 ಅಂದರೆ 25. ಪರೀಕ್ಷೆಯ ಲೆಕ್ಕಗಳಲ್ಲಿ ಬಹಳ ಸಲ ಇವೇ ಸಂಖ್ಯೆಗಳು ಬರುತ್ತವೆ.

ವೇಗ-ಕಾಲ ನಕ್ಷೆ ಬರೆದು ಬಿಡಿಸುವುದು

ಒಂದು ಲೆಕ್ಕ ತೆಗೆದುಕೊಳ್ಳೋಣ. ಒಂದು ವಾಹನ ನಿಂತಲ್ಲಿಂದ ಹೊರಟು 8 ಸೆಕೆಂಡು 2 ಮೀ/ಸೆ² ವೇಗೋತ್ಕರ್ಷದಲ್ಲಿ ಸಾಗುತ್ತದೆ. ನಂತರ ಅದೇ ವೇಗದಲ್ಲಿ 10 ಸೆಕೆಂಡು. ಆಮೇಲೆ ಬ್ರೇಕ್ ಹಾಕಿದಾಗ ಸೆಕೆಂಡಿಗೆ 4 ಮೀ/ಸೆ ಕಡಿಮೆಯಾಗುತ್ತಾ ಬಂದು ನಿಲ್ಲುತ್ತದೆ. ಒಟ್ಟು ಎಷ್ಟು ದೂರ ಹೋಯಿತು?

ಅಡ್ಡ ಗೆರೆಯ ಮೇಲೆ ಸಮಯ, ನಿಂತ ಗೆರೆಯ ಮೇಲೆ ವೇಗ. ಸ್ಕೇಲ್ ಬೇಡ, ಕೈಯಲ್ಲೇ ಗೀಚಿ. ಸೊನ್ನೆಯಿಂದ ಓರೆಯಾಗಿ ಮೇಲೇರುವ ಗೆರೆ. 8 ಸೆಕೆಂಡಿಗೆ 2ರಂತೆ ಅದು 16ಕ್ಕೆ ಮುಟ್ಟುತ್ತದೆ. ಅಲ್ಲಿಂದ 10 ಸೆಕೆಂಡು ಮಟ್ಟಸ. ಆಮೇಲೆ ಇಳಿಜಾರು. 16ರಿಂದ ಸೆಕೆಂಡಿಗೆ 4ರಂತೆ ಇಳಿದರೆ 4 ಸೆಕೆಂಡಿನಲ್ಲಿ ಸೊನ್ನೆ. ಒಟ್ಟು 22 ಸೆಕೆಂಡು.

ಈಗ ಚಿತ್ರದ ಆಕಾರ ನೋಡಿ. ತ್ರಾಪಿಜ್ಯ. ಕೆಳಗಿನ ಬದಿ 22, ಮೇಲಿನ ಬದಿ 10, ಎತ್ತರ 16. ನಕ್ಷೆಯ ಕೆಳಗಿನ ವಿಸ್ತೀರ್ಣವೇ ದೂರ. ½ × (22 + 10) × 16 = 256 ಮೀಟರ್. ಲೆಕ್ಕ ಮುಗಿಯಿತು. ನಂಬಿಕೆ ಬರದಿದ್ದರೆ ತುಂಡು ತುಂಡಾಗಿ ಮಾಡಿ. ಮೊದಲ ತುಂಡು 64, ನಡುವಿನದು 160, ಕೊನೆಯದು 32. ಕೂಡಿಸಿದರೆ ಅದೇ 256.

ವಿಸ್ತೀರ್ಣದ ಈ ಉಪಾಯ ಬಹಳ ಹಳೆಯದು. 14ನೇ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿದ್ವಾಂಸರು ಸರಾಸರಿ ವೇಗದ ನಿಯಮ ಹೇಳಿದ್ದರು. ಅದೇ ಶತಮಾನದಲ್ಲಿ ಫ್ರಾನ್ಸ್‌ನ ನಿಕೋಲ್ ಒರೆಮ್ ಅದನ್ನು ಆಕೃತಿ ಬರೆದು ತೋರಿಸಿದ. ಗೆಲಿಲಿಯೊ ಹುಟ್ಟುವುದಕ್ಕೆ ಇನ್ನೂ ಸುಮಾರು ಇನ್ನೂರು ವರ್ಷ ಇತ್ತು. ಅಂದರೆ ಈ ಲೆಕ್ಕಗಳಲ್ಲಿ ಚಿತ್ರ ಬಂದದ್ದು ಮೊದಲು, ಈಗ ನಾವು ಬಾಯಿಪಾಠ ಮಾಡುವ ಸೂತ್ರ ಬಂದದ್ದು ಆಮೇಲೆ.

ಚಿತ್ರದ ನಿಜವಾದ ಲಾಭ ಕಾಣುವುದು ಇಂಥ ಲೆಕ್ಕದಲ್ಲಿ. ರೈಲೊಂದು 1 ಮೀ/ಸೆ²ನಂತೆ ವೇಗ ಏರಿಸಿಕೊಳ್ಳಬಲ್ಲದು, 2 ಮೀ/ಸೆ²ನಂತೆ ಇಳಿಸಿಕೊಳ್ಳಬಲ್ಲದು, 20 ಮೀ/ಸೆ ದಾಟುವಂತಿಲ್ಲ. ಎರಡು ನಿಲ್ದಾಣಗಳ ನಡುವೆ 1200 ಮೀಟರ್. ಅತಿ ಕಡಿಮೆ ಎಷ್ಟು ಹೊತ್ತಿನಲ್ಲಿ ತಲುಪಬಹುದು? ಏರಲು 20 ಸೆಕೆಂಡು, 200 ಮೀಟರ್. ಇಳಿಯಲು 10 ಸೆಕೆಂಡು, 100 ಮೀಟರ್. ಉಳಿದ 900 ಮೀಟರಿಗೆ 20ರ ವೇಗದಲ್ಲಿ 45 ಸೆಕೆಂಡು. ಒಟ್ಟು 75.

ಈಗ ನಿಲ್ದಾಣಗಳ ನಡುವೆ ಬರೀ 150 ಮೀಟರ್ ಅಂತ ಬದಲಾಯಿಸಿ. ಇಲ್ಲಿ ಸುಮಾರು ಮಂದಿ ಅದೇ ದಾರಿ ಹಿಡಿದು, 150ರಿಂದ 300 ಕಳೆದು, ಮೈನಸ್ 150 ಮೀಟರ್ ಅಂತ ಬರೆದು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಆ ಮೈನಸ್ ಹೇಳುತ್ತಿರುವುದು ಸ್ಪಷ್ಟವಾಗಿದೆ. ರೈಲಿಗೆ 20 ಮುಟ್ಟುವಷ್ಟು ಜಾಗವೇ ಇಲ್ಲ. ಮೇಲಿನ ಮಟ್ಟಸ ಗೆರೆ ಮಾಯ, ತ್ರಾಪಿಜ್ಯ ಹೋಗಿ ತ್ರಿಭುಜವಾಯಿತು. ತುದಿಯ ವೇಗವನ್ನು ವಿ ಅನ್ನೋಣ. ಏರುವಾಗ ಹೋದ ದೂರ ವಿ²/2, ಇಳಿಯುವಾಗ ವಿ²/4. ಎರಡೂ ಸೇರಿ 150. ಆಗ ವಿ² = 200, ವಿ ಸುಮಾರು 14.1 ಮೀ/ಸೆ. ಏರಲು 14.1 ಸೆಕೆಂಡು, ಇಳಿಯಲು ಅದರ ಅರ್ಧ 7.1, ಒಟ್ಟು ಸುಮಾರು 21.2 ಸೆಕೆಂಡು.

ಮೂರು ತುಂಡಿನ ಲೆಕ್ಕ ಕಂಡಾಗಲೆಲ್ಲ ಮೊದಲು ಇದನ್ನು ಪರೀಕ್ಷಿಸಿ. ಗರಿಷ್ಠ ವೇಗ ಮುಟ್ಟಲು ಜಾಗ ಇದೆಯಾ?

ಪ್ಲಸ್, ಮೈನಸ್

ಚಿತ್ರದಲ್ಲಿ ಒಂದು ಬಾಣ ಹಾಕಿ, "ಈ ಕಡೆ ಪ್ಲಸ್" ಅಂತ ಬರೆಯಿರಿ. ಯಾವ ಕಡೆ ಅನ್ನುವುದು ನಿಮ್ಮಿಷ್ಟ. ಆದರೆ ಲೆಕ್ಕ ಮುಗಿಯುವವರೆಗೂ ಅದನ್ನು ಬದಲಾಯಿಸಬೇಡಿ.

ಎ ಮೈನಸ್ ಆದರೆ ವಸ್ತು ನಿಧಾನವಾಗುತ್ತಿದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ವೇಗ ಮತ್ತು ಎ ಎರಡರ ಚಿಹ್ನೆಯೂ ಒಂದೇ ಆಗಿದ್ದರೆ ಜೋರಾಗುತ್ತಿದೆ, ಬೇರೆ ಬೇರೆ ಆಗಿದ್ದರೆ ನಿಧಾನವಾಗುತ್ತಿದೆ. ಕಾರು ಹಿಮ್ಮುಖವಾಗಿ ಹೊರಟು ಜೋರಾಗುತ್ತಿದ್ದರೆ ವೇಗವೂ ಮೈನಸ್, ಎ ಕೂಡ ಮೈನಸ್. ಹಿಮ್ಮುಖವಾಗಿ ಹೋಗುತ್ತಾ ಬ್ರೇಕ್ ಹಾಕಿದರೆ ವೇಗ ಮೈನಸ್, ಎ ಪ್ಲಸ್.

ಮೇಲಕ್ಕೆಸೆದ ಚೆಂಡಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೇಲೆ ಪ್ಲಸ್ ಅಂದುಕೊಂಡರೆ ಎ ಶುರುವಿನಿಂದ ಕೊನೆಯವರೆಗೂ −9.8 ಮೀ/ಸೆ². ಏರುವಾಗಲೂ ಅದೇ, ಇಳಿಯುವಾಗಲೂ ಅದೇ, ತುತ್ತತುದಿಯಲ್ಲೂ ಅದೇ. ತುದಿಯಲ್ಲಿ ವೇಗ ಸೊನ್ನೆ ಇರುವುದು ನಿಜ. ಅದಕ್ಕೆ ಎ ಕೂಡ ಸೊನ್ನೆ ಅಂತ ಬರೆಯುವವರಿಗೆ ನಾನು ಕೇಳುವುದಿಷ್ಟೇ. ವೇಗವೂ ಇಲ್ಲ, ವೇಗ ಬದಲಾಗುವುದೂ ಇಲ್ಲ ಅಂದರೆ ಚೆಂಡು ಅಲ್ಲೇ ನೇತಾಡಬೇಕಲ್ವಾ?

ಇನ್ನೊಂದು ವಿಷಯವೂ ಇಲ್ಲೇ ಇದೆ, ಇದು ಮುಖ್ಯ. ಲೆಕ್ಕ ತುಂಡು ಮಾಡಬೇಕಾದದ್ದು ಎ ಬದಲಾದಾಗ. ದಿಕ್ಕು ಬದಲಾಯಿತು ಅಂತ ತುಂಡು ಮಾಡಬೇಕಾಗಿಲ್ಲ. 20 ಮೀಟರ್ ಎತ್ತರದ ಛಾವಣಿಯ ಅಂಚಿನಿಂದ ಚೆಂಡನ್ನು 15 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು? ಗುರುತ್ವಕ್ಕೆ 10 ಹಾಕೋಣ, ಲೆಕ್ಕ ಹಗುರಾಗಲಿ. ಏರುವ ಸಮಯ ಬೇರೆ, ಎತ್ತರ ಬೇರೆ, ಬೀಳುವ ಸಮಯ ಬೇರೆ ಅಂತ ಮೂರು ಹಂತ ಮಾಡುವುದು ಸುತ್ತುದಾರಿ. ಎ ಬದಲಾಗಿಲ್ಲ, ಹಾಗಾಗಿ ಒಂದೇ ಹೊಡೆತಕ್ಕೆ ಆಗುತ್ತದೆ. ಚೆಂಡು ಕೊನೆಗೆ ಹೊರಟ ಜಾಗಕ್ಕಿಂತ 20 ಮೀಟರ್ ಕೆಳಗಿದೆ, ಆದ್ದರಿಂದ ಎಸ್ = −20.

−20 = 15 × ಟಿ − 5 × ಟಿ²

ಸರಿಮಾಡಿದರೆ ಟಿ² − 3 × ಟಿ − 4 = 0. ಉತ್ತರ 4 ಅಥವಾ −1. ಸಮಯ 4 ಸೆಕೆಂಡು. ವೇಗ 15 − 40 = −25, ಅಂದರೆ ಕೆಳಮುಖವಾಗಿ 25 ಮೀ/ಸೆ.

ಆ −1 ಅನ್ನು ಸುಮ್ನೆ ಹೊಡೆದುಹಾಕಬೇಡಿ, ಅದಕ್ಕೂ ಅರ್ಥವಿದೆ. ಚೆಂಡು ಛಾವಣಿಯಲ್ಲಿ ಹುಟ್ಟದೆ ನೆಲದಿಂದಲೇ ಬಂದಿದ್ದರೆ, ಒಂದು ಸೆಕೆಂಡು ಮೊದಲು 25 ಮೀ/ಸೆ ವೇಗದಲ್ಲಿ ನೆಲ ಬಿಟ್ಟಿರಬೇಕಿತ್ತು. ಬೀಳುವಾಗಲೂ 25 ಬಂತು, ನೋಡಿ.

ಚೆಂಡು ಒಟ್ಟು ಎಷ್ಟು ದೂರ ಸಾಗಿತು ಅಂತ ಕೇಳಿದರೆ ಮಾತ್ರ ತುದಿಯಲ್ಲಿ ತುಂಡು ಮಾಡಲೇಬೇಕು. ಸೂತ್ರದ ಎಸ್ ಸ್ಥಾನಪಲ್ಲಟ, ನಡೆದ ದೂರ ಅಲ್ಲ. ಏರಿದ್ದು 225/20 = 11.25 ಮೀಟರ್, ಇಳಿದದ್ದು 31.25, ಒಟ್ಟು 42.5.

ಬ್ರೇಕಿನ ಬಲೆ

ಕಾರು 20 ಮೀ/ಸೆ ವೇಗದಲ್ಲಿದೆ. ಬ್ರೇಕಿನಿಂದ ಎ = −5 ಮೀ/ಸೆ². 6 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ಸೂತ್ರ ಹಾಕಿದರೆ 120 − 90 = 30 ಮೀಟರ್.

ತಪ್ಪು. ಕಾರು 4ನೇ ಸೆಕೆಂಡಿಗೇ ನಿಂತಿದೆ, 40 ಮೀಟರ್ ಹೋಗಿ. ಉಳಿದ 2 ಸೆಕೆಂಡು ಅಲ್ಲೇ ಇತ್ತು. ಸೂತ್ರಕ್ಕೆ ಅದು ಕಾರು ಅಂತ ಗೊತ್ತಿಲ್ಲ. ಎ = −5 ಮುಂದುವರಿಯುತ್ತದೆ ಅಂದುಕೊಂಡು ಅದನ್ನು 10 ಮೀಟರ್ ಹಿಂದಕ್ಕೆ ಓಡಿಸಿಬಿಟ್ಟಿತು. ಮೇಲಕ್ಕೆಸೆದ ಚೆಂಡಾದರೆ ಅದು ಸರಿ, ಚೆಂಡು ನಿಜವಾಗಿಯೂ ಹಿಂದಿರುಗುತ್ತದೆ. ಬ್ರೇಕ್ ಹಾಕಿದ ಕಾರು ಹಿಂದಿರುಗುವುದಿಲ್ಲ. ಬ್ರೇಕಿನ ಲೆಕ್ಕದಲ್ಲಿ ಸಮಯ ಕೊಟ್ಟಿದ್ದರೆ ಮೊದಲು ನಿಲ್ಲುವ ಸಮಯ ಎಷ್ಟು ಅಂತ ನೋಡಿ, ಆಮೇಲೆ ಉಳಿದದ್ದು.

ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಮುಂದಿನದು. ಅದನ್ನು ನಿಧಾನವಾಗಿ ಮಾಡಿಸುತ್ತೇನೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿರುವ ಚಾಲಕನಿಗೆ 50 ಮೀಟರ್ ಮುಂದೆ ರಸ್ತೆಗೆ ಅಡ್ಡ ಬಿದ್ದ ಮರ ಕಾಣುತ್ತದೆ. ಕಂಡು, ಕಾಲು ಬ್ರೇಕಿಗೆ ಹೋಗಲು 0.8 ಸೆಕೆಂಡು. ಬ್ರೇಕ್ ಹಿಡಿದ ಮೇಲೆ ಎ = −5 ಮೀ/ಸೆ². ಮರಕ್ಕೆ ಗುದ್ದುತ್ತಾನಾ?

ಎರಡು ತುಂಡು. ಮೊದಲ 0.8 ಸೆಕೆಂಡು ಕಾರಿಗೆ ಏನೂ ಗೊತ್ತಿಲ್ಲ, ಅದೇ 20 ಮೀ/ಸೆ. ದೂರ 16 ಮೀಟರ್. ಎರಡನೇ ತುಂಡಿನಲ್ಲಿ ನಿಲ್ಲಲು ಬೇಕಾದದ್ದು 400/10 = 40 ಮೀಟರ್. ಒಟ್ಟು 56. ಜಾಗ ಇರುವುದು 50. ಗುದ್ದುತ್ತಾನೆ.

ಬಹಳ ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಎಷ್ಟು ವೇಗದಲ್ಲಿ ಗುದ್ದುತ್ತಾನೆ? 6 ಮೀಟರ್ ತಾನೇ ಕಡಿಮೆ ಬಿದ್ದದ್ದು, ಮೆಲ್ಲಗೆ ತಾಗುತ್ತದೆ ಅಂತ ಹೆಚ್ಚಿನವರ ಊಹೆ. ಲೆಕ್ಕ ಹಾಕಿ. ಬ್ರೇಕಿಗೆ ಸಿಕ್ಕ ದೂರ 50 − 16 = 34 ಮೀಟರ್. ವಿ² = 400 − 2 × 5 × 34 = 60. ವಿ ಸುಮಾರು 7.7 ಮೀ/ಸೆ. ಗಂಟೆಗೆ ಸುಮಾರು 28 ಕಿಲೋಮೀಟರ್!

ಅದೇ ಚಾಲಕ 65ರಲ್ಲಿ ಬಂದಿದ್ದರೆ? ವೇಗ 18.06 ಮೀ/ಸೆ. ಮೊದಲ ತುಂಡು ಸುಮಾರು 14.4 ಮೀಟರ್, ಎರಡನೆಯದು 32.6. ಒಟ್ಟು 47. ಮರಕ್ಕೆ 3 ಮೀಟರ್ ಮೊದಲೇ ನಿಂತ. 65ಕ್ಕೂ 72ಕ್ಕೂ ಗಂಟೆಗೆ ಬರೀ 7 ಕಿಲೋಮೀಟರ್ ಅಂತರ. ಒಂದರಲ್ಲಿ ಏನೂ ಆಗಲಿಲ್ಲ, ಇನ್ನೊಂದರಲ್ಲಿ 28ರಲ್ಲಿ ಗುದ್ದು.

ಕಾರಣ ವೇಗದ ವರ್ಗ. ಮೊದಲ ತುಂಡಿನ ದೂರ ವೇಗದಷ್ಟೇ ಏರುತ್ತದೆ. ಬ್ರೇಕಿನ ತುಂಡಿನ ದೂರ ವೇಗದ ವರ್ಗದಂತೆ ಏರುತ್ತದೆ. 36ರಲ್ಲಿ ಬಂದರೆ 8 + 10 = 18 ಮೀಟರ್ ಸಾಕು, 72ರಲ್ಲಿ 16 + 40. ವೇಗ ಎರಡು ಪಟ್ಟು, ಬ್ರೇಕಿನ ದೂರ ನಾಲ್ಕು ಪಟ್ಟು. ಇನ್ನೊಂದನ್ನೂ ಗಮನಿಸಿ. ಬ್ರೇಕ್ ಹಿಡಿದ ಮೇಲೆ ಕಾರು ತನ್ನ ದೂರದ ಮುಕ್ಕಾಲು ಪಾಲನ್ನು ಮುಗಿಸುವುದು ಮೊದಲ ಅರ್ಧ ಸಮಯದಲ್ಲಿ. ಮುಕ್ಕಾಲು ದಾರಿ ಮುಗಿದಾಗಲೂ ಶುರುವಿನ ಅರ್ಧ ವೇಗ ಇನ್ನೂ ಉಳಿದಿರುತ್ತದೆ. ಅದಕ್ಕೇ ಕೊನೆಯ ಕೆಲವು ಮೀಟರ್ ಅಷ್ಟು ದುಬಾರಿ.

ಈಗ ಸೂತ್ರ ಆರಿಸುವುದು

ಇದಕ್ಕೆ ಹೆಚ್ಚು ಹೊತ್ತು ಬೇಡ. ಒಂದು ತುಂಡಿನ ಐದು ಅಕ್ಷರ ಬರೆಯಿರಿ. ಮೂರು ಗೊತ್ತಿರುತ್ತದೆ, ಒಂದನ್ನು ಕೇಳಿರುತ್ತಾರೆ. ಉಳಿದ ಒಂದು ಯಾರಿಗೂ ಬೇಡವಾದದ್ದು. ಆ ಬೇಡದ ಅಕ್ಷರ ಇಲ್ಲದ ಸೂತ್ರ ತೆಗೆದುಕೊಳ್ಳಿ. 25 ಮೀ/ಸೆ ವೇಗದ ವಾಹನ 50 ಮೀಟರಿನಲ್ಲಿ ನಿಂತಿತು, ಎ ಎಷ್ಟು? ಸಮಯವನ್ನು ಕೊಟ್ಟೂ ಇಲ್ಲ, ಕೇಳಿಯೂ ಇಲ್ಲ. ಟಿ ಇಲ್ಲದ್ದು ಮೂರನೆಯದು. 0 = 625 + 2 × ಎ × 50, ಎ = −6.25 ಮೀ/ಸೆ².

ಮೂರು ಸಂಖ್ಯೆ ಸಿಗುತ್ತಿಲ್ಲ ಅಂದರೆ ಒಂದು ಪದದಲ್ಲಿ ಅಡಗಿದೆ ಅಂತ ಅರ್ಥ. "ನಿಶ್ಚಲ ಸ್ಥಿತಿಯಿಂದ" ಅಂದರೆ ಯು = 0. "ನಿಲ್ಲುತ್ತದೆ" ಅಂದರೆ ವಿ = 0. "ಗರಿಷ್ಠ ಎತ್ತರ" ಅಂದರೂ ವಿ = 0. ಆದರೆ "ನೆಲಕ್ಕೆ ಬಿತ್ತು" ಅಂದರೆ ವಿ ಸೊನ್ನೆ ಅಲ್ಲ! ನಮ್ಮ ಲೆಕ್ಕ ನೆಲ ತಾಗುವ ಕ್ಷಣಕ್ಕೆ ಮುಗಿಯುತ್ತದೆ, ಆಗ ವೇಗ ಜೋರಾಗಿಯೇ ಇರುತ್ತದೆ. ಹಾಗೆಯೇ 5 ಮೀ/ಸೆ ವೇಗದಲ್ಲಿ ಮೇಲೇರುತ್ತಿರುವ ಬಲೂನಿನಿಂದ ಕಲ್ಲು ಕೈಬಿಟ್ಟರೆ ಯು ಸೊನ್ನೆ ಅಲ್ಲ, ಮೇಲ್ಮುಖವಾಗಿ 5. ಕೈಬಿಟ್ಟ ಕಲ್ಲು ಸ್ವಲ್ಪ ಹೊತ್ತು ಮೇಲೇರಿಯೇ ಬೀಳುತ್ತದೆ.

ಎರಡು ವಾಹನಗಳ ಲೆಕ್ಕವಾದರೆ ಇಬ್ಬರಿಗೂ ಒಂದೇ ಗಡಿಯಾರ, ಒಂದೇ ಸೊನ್ನೆ ಬಿಂದು. 15 ಮೀ/ಸೆ ವೇಗದಲ್ಲಿ ಒಂದೇ ಸಮನೆ ಹೋಗುವ ಲಾರಿ, ನಿಂತಿದ್ದ ಬೈಕನ್ನು ದಾಟಿದ ಕ್ಷಣದಲ್ಲಿ ಬೈಕು 3 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಟಿತು. 15 × ಟಿ = 1.5 × ಟಿ². ಟಿ = 10 ಸೆಕೆಂಡು, 150 ಮೀಟರ್ ದೂರದಲ್ಲಿ ಹಿಡಿಯುತ್ತದೆ. ಹಿಡಿಯುವಾಗ ಬೈಕಿನ ವೇಗ 30, ಲಾರಿಯ ಸರಿಯಾಗಿ ಎರಡು ಪಟ್ಟು. ಇದು ಆಕಸ್ಮಿಕವಲ್ಲ. ಅಷ್ಟೇ ಹೊತ್ತಿನಲ್ಲಿ ಅಷ್ಟೇ ದೂರ ಹೋಗಿದ್ದಾರೆ, ಅಂದರೆ ಇಬ್ಬರ ಸರಾಸರಿ ವೇಗವೂ 15. ಸೊನ್ನೆಯಿಂದ ಹೊರಟು ಸರಾಸರಿ 15 ಆಗಬೇಕಾದರೆ ಕೊನೆಗೆ 30 ಆಗಲೇಬೇಕು. ಬೈಕಿನ ಎ ಎಷ್ಟೇ ಇರಲಿ, ಈ ಎರಡು ಪಟ್ಟು ಬದಲಾಗುವುದಿಲ್ಲ.

ಉತ್ತರ ನಂಬುವ ಹಾಗಿದೆಯಾ?

ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಮೊದಲು ಒಂದು ಸಲ ನೋಡಿ. ಸಾಮಾನ್ಯ ಕಾರು ವೇಗ ಏರಿಸಿಕೊಳ್ಳುವುದು ಸೆಕೆಂಡಿಗೆ ಕೆಲವೇ ಮೀ/ಸೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೂ 7, 8 ಮೀ/ಸೆ² ಆಸುಪಾಸು. ಬ್ರೇಕಿನ ಲೆಕ್ಕದಲ್ಲಿ 90 ಮೀ/ಸೆ² ಬಂದಿದ್ದರೆ ಗಂಟೆ-ಕಿಲೋಮೀಟರನ್ನು ಬದಲಾಯಿಸದೆ ಹಾಕಿದ್ದೀರಿ ಅಂತಲೇ ಲೆಕ್ಕ. ಎರಡು ಕಡೆ ವೇಗದ ವರ್ಗ ಇರುವುದರಿಂದ ಆ ತಪ್ಪು ಹದಿಮೂರು ಪಟ್ಟು ಉಬ್ಬಿ ಬರುತ್ತದೆ.

ಮನುಷ್ಯ ತಡೆದುಕೊಂಡ ದೊಡ್ಡ ಸಂಖ್ಯೆಗಳೂ ಇವೆ. 1954ರ ಡಿಸೆಂಬರಿನಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಕುಳಿತು ಗಂಟೆಗೆ ಸುಮಾರು 1017 ಕಿಲೋಮೀಟರ್ ವೇಗ ಮುಟ್ಟಿ, 1.4 ಸೆಕೆಂಡಿನಲ್ಲಿ ನಿಂತ. ಆ ವೇಗ ಅಂದರೆ 282.5 ಮೀ/ಸೆ, ಅದನ್ನು 1.4ರಿಂದ ಭಾಗಿಸಿ. ಸುಮಾರು 200 ಮೀ/ಸೆ², ಗುರುತ್ವದ ಇಪ್ಪತ್ತು ಪಟ್ಟು. ಆದರೆ ದಾಖಲಾದ ಗರಿಷ್ಠ 46.2 ಪಟ್ಟು. ನಮ್ಮ ಲೆಕ್ಕ ಕೊಡುವುದು ಸರಾಸರಿ. ಬಂಡಿ ಒಂದೇ ಸಮನಾಗಿ ನಿಧಾನವಾಗಲಿಲ್ಲ, ನಡುವೆ ಒಂದು ಕ್ಷಣ ವಿಪರೀತ ಎಳೆತ ಬಿತ್ತು. ಬೋಲ್ಟ್‌ನ ಓಟದ ತೊಂದರೆಯೇ ಇಲ್ಲೂ. ಸ್ಟ್ಯಾಪ್ ಬದುಕುಳಿದ, ಕಣ್ಣುಗಳಲ್ಲಿ ರಕ್ತ ಇಳಿದಿತ್ತು.

ಎನ್‌ನೇ ಸೆಕೆಂಡು, ಮತ್ತೆ ಹಿಂದುಮುಂದು

"5ನೇ ಸೆಕೆಂಡಿನಲ್ಲಿ ಹೋದ ದೂರ" ಅನ್ನುವ ಲೆಕ್ಕಕ್ಕೆ ಬೇರೆಯೇ ಸೂತ್ರ ಬಾಯಿಪಾಠ ಮಾಡಿಸುತ್ತಾರೆ. ಬೇಡ. 5ನೇ ಸೆಕೆಂಡು ಅಂದರೆ 4ರಿಂದ 5ರವರೆಗೆ. ಆ ಒಂದು ಸೆಕೆಂಡಿನ ಸರಾಸರಿ ವೇಗ, ಅದರ ನಟ್ಟನಡುವೆ ಇರುವ ವೇಗವೇ. ಯು = 4, ಎ = 3 ಇದ್ದರೆ 4.5 ಸೆಕೆಂಡಿಗೆ ವೇಗ 4 + 13.5 = 17.5. ಸಮಯ ಒಂದು ಸೆಕೆಂಡು, ಹಾಗಾಗಿ ದೂರ 17.5 ಮೀಟರ್. ಸೂತ್ರದಲ್ಲಿ ಹಾಕಿದರೂ 57.5 − 40, ಅದೇ 17.5.

ನಿಂತಲ್ಲಿಂದ ಹೊರಟ ವಸ್ತುವಿಗೆ ಇದೇ ಉಪಾಯ ಬಳಸಿ. ಒಂದೊಂದೇ ಸೆಕೆಂಡಿನ ದೂರ 1, 3, 5, 7 ಹೀಗೆ ಬೆಸ ಸಂಖ್ಯೆಗಳ ಅನುಪಾತದಲ್ಲಿ ಬರುತ್ತದೆ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ನಿಯಮ ಇದು. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಪಾತ್ರೆಯಿಂದ ಸಣ್ಣಗೆ ಹರಿದ ನೀರನ್ನು ತೂಗಿ ಸಮಯ ಅಳೆದ.

ನಿಲ್ಲುವ ವಸ್ತುವಿಗೂ ಇದು ನಡೆಯುತ್ತದೆ, ಸಮಯವನ್ನು ಹಿಂದುಮುಂದು ಮಾಡಿದರೆ. ವಿಡಿಯೊವನ್ನು ಹಿಂದಕ್ಕೆ ಓಡಿಸಿದಂತೆ ನೋಡಿ. ಬ್ರೇಕ್ ಹಿಡಿದು ನಿಲ್ಲುವ ಕಾರು, ನಿಂತಲ್ಲಿಂದ ಹೊರಟು ವೇಗ ಏರಿಸಿಕೊಳ್ಳುವ ಕಾರಾಗುತ್ತದೆ. ಯು ಸೊನ್ನೆಯಾಗುತ್ತದೆ, ಮೈನಸ್ ಕಾಟ ತಪ್ಪುತ್ತದೆ. ಮಕ್ಕಳಿಗೆ ಕಷ್ಟ ಅನ್ನಿಸುವ ಒಂದು ಲೆಕ್ಕ ಹೀಗಿದೆ. 30 ಮೀ/ಸೆ ವೇಗದ ಕಾರು ಒಂದೇ ಸಮನಾಗಿ ನಿಧಾನವಾಗಿ ನಿಲ್ಲುತ್ತದೆ. ನಿಲ್ಲುವ ಮೊದಲಿನ ಕೊನೆಯ ಸೆಕೆಂಡಿನಲ್ಲಿ ಅದು ಹೋದದ್ದು 3 ಮೀಟರ್. ಬ್ರೇಕ್ ಹಿಡಿದಾಗಿನಿಂದ ಒಟ್ಟು ಎಷ್ಟು ದೂರ ಹೋಯಿತು?

ಹಿಂದಿನಿಂದ ನೋಡಿ. ನಿಂತಲ್ಲಿಂದ ಹೊರಟು ಮೊದಲ ಸೆಕೆಂಡಿನಲ್ಲಿ 3 ಮೀಟರ್. 3 = ½ × ಎ, ಎ = 6 ಮೀ/ಸೆ². 30 ಮುಟ್ಟಲು 5 ಸೆಕೆಂಡು. ಸೆಕೆಂಡು ಸೆಕೆಂಡಿಗೆ ದೂರ 3, 9, 15, 21, 27. ಕೂಡಿಸಿದರೆ 75 ಮೀಟರ್. ಸರಾಸರಿ ವೇಗ 15ನ್ನು 5 ಸೆಕೆಂಡಿನಿಂದ ಗುಣಿಸಿದರೂ 75.